ಶೈಕ್ಷಣಿಕ ಆಡಳಿತದ ಡಿಪ್ಲೊಮಾ ಮಾಡಿದರೆ ಮುಖ್ಯ ಶಿಕ್ಷಕಿಯ ಕುರ್ಚಿ ಸಿಗುತ್ತದೆಯೇ?

ಪ್ರಶ್ನೆ: ದಾವಣಗೆರೆ ಜಿಲ್ಲೆಯ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಹದಿಮೂರು ವರ್ಷದಿಂದ ಸಮಾಜ ವಿಜ್ಞಾನ ಶಿಕ್ಷಕಿಯಾಗಿದ್ದೇನೆ. ಎಂ.ಎ., ಬಿ.ಇಡಿ. ಆಗಿದೆ. ನಮ್ಮ ಹೆಡ್‌ಮಾಸ್ಟರ್ ಇನ್ನೆರಡು ವರ್ಷದಲ್ಲಿ ನಿವೃತ್ತರಾಗುತ್ತಾರೆ. ಆಮೇಲೆ ನೀವೇ ನೋಡಿಕೊಳ್ಳಬೇಕಾಗುತ್ತದೆ ಎಂದು ಆಡಳಿತ ಮಂಡಳಿಯವರು ಆಗಲೇ ಹೇಳುತ್ತಿದ್ದಾರೆ. ಹಾಗಾಗಿ ಇಗ್ನೋದಿಂದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ ಮಾಡೋಣ ಎಂದುಕೊಂಡಿದ್ದೇನೆ. ಇದರಿಂದ ಮುಂದೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹುದ್ದೆಗೆ ಅರ್ಹತೆ ಬರುತ್ತದೆಯೇ? ಟೆಕ್ಸಸ್‌ನಲ್ಲಿರುವ ನನ್ನ ನಾದಿನಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಂಥದೇ ಕೋರ್ಸ್ ಮಾಡಿ ಅಸಿಸ್ಟೆಂಟ್ ಪ್ರಿನ್ಸಿಪಾಲ್ ಆಗಿದ್ದಾರೆ. ಇಲ್ಲಿ ನಮ್ಮೂರಿನ ಒಂದು ಸೆಂಟರ್‌ನವರು ಬೇರೆ ರಾಜ್ಯದ ವಿಶ್ವವಿದ್ಯಾಲಯದಿಂದ ಆರೇ ತಿಂಗಳಲ್ಲಿ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುತ್ತಾರೆ. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮ, ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯುವ ಧೈರ್ಯವಿಲ್ಲ. ಏನು ಮಾಡಲಿ?

ಉತ್ತರ: ಬಿಇಒ ವಿಷಯವನ್ನು ಮೊದಲೇ ಮುಗಿಸಿಬಿಡೋಣ, ಅದಕ್ಕೆ ಉತ್ತರ ಚಿಕ್ಕದು. ಇಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ ಸರ್ಕಾರಿ ಸೇವೆಯ ಹುದ್ದೆ. ಅಲ್ಲಿಗೆ ಹೋಗುವವರು ಇಲಾಖೆಯೊಳಗೆ ಬಡ್ತಿ ಪಡೆದು ಹೋಗುತ್ತಾರೆ, ಇಲ್ಲವೇ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಹೋಗುತ್ತಾರೆ. ಬಡ್ತಿಗೆ ಲೆಕ್ಕಕ್ಕೆ ಬರುವುದು ಜ್ಯೇಷ್ಠತಾ ಪಟ್ಟಿ, ಅನುದಾನರಹಿತ ಶಾಲೆಯವರ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ನಿಮ್ಮ ಡಿಪ್ಲೊಮಾ ಎಷ್ಟೇ ಒಳ್ಳೆಯ ಅಂಕದ್ದಾದರೂ ಆ ಬಾಗಿಲು ತೆಗೆಯುವುದಿಲ್ಲ. ತೆಗೆಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ನಿಮ್ಮಿಂದ ಅಡ್ಮಿಷನ್ ಬೇಕಾಗಿದೆ ಎಂದೇ ಅರ್ಥ.

ನಿಮ್ಮ ನಾದಿನಿಯವರ ಲೆಕ್ಕವೇ ಬೇರೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಮುಖ್ಯಸ್ಥರಾಗುವುದು ಸಾಮಾನ್ಯವಾಗಿ ಲೈಸೆನ್ಸ್ ಬೇಕಾದ ಕೆಲಸ, ಆ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಟೆಕ್ಸಸ್‌ನಲ್ಲಿ ಪ್ರಿನ್ಸಿಪಾಲ್ ಸರ್ಟಿಫಿಕೇಟ್ ಸಿಗಬೇಕಾದರೆ ಸ್ನಾತಕೋತ್ತರ ಪದವಿ, ಶಿಕ್ಷಕರ ಸರ್ಟಿಫಿಕೇಟ್, ಕನಿಷ್ಠ 2 ವರ್ಷ ತರಗತಿಯಲ್ಲಿ ಪಾಠ ಮಾಡಿದ ಅನುಭವ, ರಾಜ್ಯ ಒಪ್ಪಿದ ತರಬೇತಿ, ಅದರೊಳಗೆ ಶಾಲೆಯಲ್ಲೇ 160 ಗಂಟೆಯ ಪ್ರಾಯೋಗಿಕ ಕೆಲಸ, ಕೊನೆಗೆ ರಾಜ್ಯದ ಪರೀಕ್ಷೆ, ಇಷ್ಟೂ ಆಗಬೇಕು. ಆಗಲೇ ಎಂ.ಎ. ಅಥವಾ ಎಂ.ಇಡಿ. ಆದವರು ಇನ್ನೊಂದು ಪದವಿ ಮಾಡದೆ ಬಾಕಿ ಉಳಿದಿದ್ದನ್ನಷ್ಟೇ ಮುಗಿಸಲಿ ಎಂದೇ ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳು ಈ ಸರ್ಟಿಫಿಕೇಟ್ ಕೋರ್ಸುಗಳನ್ನು ಇಟ್ಟಿವೆ. ಅಂದರೆ ಅಲ್ಲಿ ಕೋರ್ಸು ಕೆಲಸದ ಅರ್ಹತೆಯ ಒಂದು ಭಾಗ. ನಮ್ಮಲ್ಲಿ ಮುಖ್ಯ ಶಿಕ್ಷಕರಿಗೆ ಅಂಥ ಪ್ರತ್ಯೇಕ ಲೈಸೆನ್ಸ್ ಇಲ್ಲ. ನಿನ್ನೆಯವರೆಗೆ ಭೂಗೋಳ ಪಾಠ ಮಾಡುತ್ತಿದ್ದವರು ಇವತ್ತು ಬೆಳಿಗ್ಗೆ ಹೆಡ್‌ಮಿಸ್ ಆಗಬಹುದು. ಇದು ಸರಿಯೋ ತಪ್ಪೋ ಎಂದು ಕೇಳಿದರೆ ನನ್ನ ಮಟ್ಟಿಗೆ ತಪ್ಪು, ಆದರೆ ಸದ್ಯಕ್ಕೆ ಇರುವುದು ಹಾಗೆ.

ಹಾಗಾದರೆ ಇಗ್ನೋ ಡಿಪ್ಲೊಮಾ ಯಾಕೆ ಮಾಡಬೇಕು? ಮಾಡಿ ಎನ್ನುವುದೇ ನನ್ನ ಸಲಹೆ. ಕಾರಣ ಮಾತ್ರ ನೀವು ಅಂದುಕೊಂಡದ್ದಲ್ಲ.

ಇಗ್ನೋ 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಆದ ಕೇಂದ್ರೀಯ ವಿಶ್ವವಿದ್ಯಾಲಯ. ಅದರ ಪದವಿಯ ಮಾನ್ಯತೆ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಈ ಡಿಪ್ಲೊಮಾಕ್ಕೆ ಯಾವುದೇ ವಿಷಯದ ಪದವಿ ಸಾಕು. ಕನಿಷ್ಠ ಅವಧಿ 1 ವರ್ಷ, ಮುಗಿಯದಿದ್ದರೆ 3 ವರ್ಷದವರೆಗೆ ಎಳೆಯಬಹುದು. ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಪ್ರವೇಶ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ನಾಲ್ಕು ಪೇಪರು, ಒಂದು ಪ್ರಾಜೆಕ್ಟ್. ಪೇಪರುಗಳ ವಿಷಯ ಶೈಕ್ಷಣಿಕ ನಿರ್ವಹಣೆಯ ಬೆಳವಣಿಗೆ, ಅದರ ಬೇರೆ ಬೇರೆ ಮುಖಗಳು, ಸಂಸ್ಥೆಯೊಳಗೆ ಜನ ನಡೆದುಕೊಳ್ಳುವ ರೀತಿ ಮತ್ತು ಸಂಸ್ಥೆಯ ನಿರ್ವಹಣೆ. ಅಸೈನ್‌ಮೆಂಟ್ ಸಲ್ಲಿಸದೆ ಪರೀಕ್ಷೆಗೆ ಕೂರುವಂತಿಲ್ಲ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆ ಓದು, ಹಾಗಾಗಿ 6 ಕ್ರೆಡಿಟ್‌ನ ಒಂದು ಪೇಪರಿಗೆ 180 ಗಂಟೆ. ಶಾಲೆ, ಮನೆ ಎರಡನ್ನೂ ನೋಡಿಕೊಂಡು ಒಂದೇ ವರ್ಷದಲ್ಲಿ ಮುಗಿಸಲು ಹೊರಡಬೇಡಿ, ಎರಡು ವರ್ಷ ಇಟ್ಟುಕೊಳ್ಳಿ. ನಿಮ್ಮ ಹೆಡ್‌ಮಾಸ್ಟರ್ ನಿವೃತ್ತಿಗೂ ಅದು ಸರಿಹೋಗುತ್ತದೆ.

ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಇಗ್ನೋದ ಪಠ್ಯವೆಲ್ಲ ಇಜ್ಞಾನಕೋಶ ಎಂಬ ಅವರದೇ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಾಲ್ಕರಲ್ಲಿ ಒಂದು ಪೇಪರಿನ ಮೊದಲ ಬ್ಲಾಕ್, ಅಂದರೆ ಪಠ್ಯದ ಮೊದಲ ಭಾಗ, ಇಳಿಸಿಕೊಂಡು ಒಂದು ವಾರ ಓದಿ ನೋಡಿ. ಫ್ಯಾಕ್ಟರಿ ಕೆಲಸವನ್ನು ಗಡಿಯಾರ ಹಿಡಿದು ಅಳೆದ ಟೇಲರ್, ಆಡಳಿತಶಾಹಿಯ ಬಗ್ಗೆ ಬರೆದ ವೆಬರ್, ಮಾಸ್ಲೋನ ಅಗತ್ಯಗಳ ಮೆಟ್ಟಿಲು, ಶಿಕಾಗೊ ಪಕ್ಕದ ಹಾಥಾರ್ನ್ ಕಾರ್ಖಾನೆಯ ಪ್ರಯೋಗ ಎಲ್ಲ ಬರುತ್ತವೆ. ನೂರು ವರ್ಷದ ಹಿಂದಿನ ಅಮೆರಿಕದ ಕಾರ್ಖಾನೆಗೂ ಹರಿಹರದ ಪಕ್ಕದ ಶಾಲೆಗೂ ಏನು ಸಂಬಂಧ ಎಂದು ಮೊದಲಿಗೆ ಅನ್ನಿಸುತ್ತದೆ. ಅನ್ನಿಸಲಿ. ಮೆಕ್‌ಗ್ರೆಗರ್ ಹೇಳಿದ ಎರಡು ಬಗೆಯ ಮೇಲ್ವಿಚಾರಕರನ್ನು ಓದುವಾಗ, ಅಂದರೆ ಜನ ಮೂಲತಃ ಮೈಗಳ್ಳರು ಎಂದು ನಂಬುವವರು ಮತ್ತು ಜವಾಬ್ದಾರಿ ಕೊಟ್ಟರೆ ಮಾಡುತ್ತಾರೆ ಎಂದು ನಂಬುವವರು, ನಿಮ್ಮ ಸ್ಟಾಫ್‌ರೂಮಿನ ಮುಖಗಳು ಕಣ್ಣಿಗೆ ಬರದೆ ಇರುವುದಿಲ್ಲ. ನಮ್ಮ ದೇಶದ ಭಾಗ ಇನ್ನೂ ಚೆನ್ನಾಗಿದೆ. 1964–66ರ ಕೊಠಾರಿ ಆಯೋಗ ಅಕ್ಕಪಕ್ಕದ ಶಾಲೆಗಳನ್ನು ಒಂದು ಸಂಕುಲವಾಗಿ ಕಟ್ಟಿ ಎಂದು ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿದೆ. ನಡುವೆ ಐವತ್ತು ವರ್ಷ ಏನಾಯಿತು ಎಂದು ಯೋಚಿಸುತ್ತ ಓದಿದರೆ ಪೇಪರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಈಗ ಪ್ರಾಜೆಕ್ಟ್. ನಾನು ಈ ಡಿಪ್ಲೊಮಾ ಮಾಡಿ ಎನ್ನುವುದು ಇದೊಂದಕ್ಕಾಗಿ. ಬಹಳ ಜನ ಇದನ್ನು ಕೊನೆಯ ತಿಂಗಳಿಗೆ ಉಳಿಸಿಕೊಂಡು, ‘ಪ್ರೌಢಶಾಲಾ ಶಿಕ್ಷಕರ ವೃತ್ತಿ ತೃಪ್ತಿ ಕುರಿತ ಒಂದು ಅಧ್ಯಯನ’ ಎಂಬ ಸವಕಲು ಶೀರ್ಷಿಕೆ ಹಿಡಿದು, ಐವತ್ತು ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ ಬೈಂಡ್ ಮಾಡಿಸಿಬಿಡುತ್ತಾರೆ. ಪಾಸೂ ಆಗುತ್ತಾರೆ. ಆದರೆ ಅದರಿಂದ ಶಾಲೆಗೆ ನಯಾಪೈಸೆ ಪ್ರಯೋಜನವಿಲ್ಲ.

ನಾನು ಮಾರ್ಗದರ್ಶನ ಮಾಡಿದ ಒಬ್ಬ ಮೇಷ್ಟ್ರು ಬೇರೆ ದಾರಿ ಹಿಡಿದರು. ಅವರ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹಾಜರಾತಿ ಯಾವಾಗಲೂ ಕಡಿಮೆ. ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ಸ್ಟಾಫೆಲ್ಲ ನಂಬಿಕೊಂಡಿತ್ತು. ಇವರು ಹಳೆಯ ಹಾಜರಿ ಪುಸ್ತಕಗಳನ್ನು ಕೆಳಗಿಳಿಸಿ, ಗೈರುಹಾಜರಿಯನ್ನು ತಿಂಗಳವಾರು ಮಾತ್ರವಲ್ಲ, ವಾರದ ದಿನದ ಪ್ರಕಾರವೂ ಊರಿನ ಪ್ರಕಾರವೂ ಬಿಡಿಸಿ ಬರೆದರು. ನೋಡಿದರೆ ಸುಗ್ಗಿಯ ತಿಂಗಳಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಗೈರು ಬೀಳುತ್ತಿದ್ದದ್ದು ಎರಡೇ ಹಳ್ಳಿಯ ಮಕ್ಕಳಿಗೆ, ಅದೂ ವರ್ಷವಿಡೀ. ಆ ಹಳ್ಳಿಗಳಿಂದ ಬರುವ ಬಸ್ಸಿನ ಸಮಯ ಬದಲಾಗಿತ್ತು. ಮಕ್ಕಳು ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತಿದ್ದರು. ಗೇಟು ಹಾಕಿರುತ್ತಿತ್ತು, ಮೊದಲ ಪೀರಿಯಡ್‌ನಲ್ಲೇ ಹಾಜರಿ ಮುಗಿದಿರುತ್ತಿತ್ತು. ಕೆಲವರು ಆಮೇಲೆ ಒಳಗೆ ಬಂದು ಕೂರುತ್ತಿದ್ದರು, ಕೆಲವರು ವಾಪಸು ಹೋಗುತ್ತಿದ್ದರು, ಪುಸ್ತಕದಲ್ಲಿ ಮಾತ್ರ ಎಲ್ಲರೂ ಗೈರು. ಮೇಷ್ಟ್ರು ಹೆಡ್‌ಮಾಸ್ಟರಿಗೆ ಹೇಳಿ ಹಾಜರಿಯನ್ನು ಎರಡನೇ ಪೀರಿಯಡ್‌ಗೆ ತಂದರು, ಬಸ್ ಡಿಪೋಗೆ ಒಂದು ಪತ್ರ ಬರೆಸಿದರು. ವರದಿಯಲ್ಲಿ ಪತ್ರದ ನಕಲೂ ಇತ್ತು, ಬಂದ ಉತ್ತರದ ನಕಲೂ ಇತ್ತು. ಸಿದ್ಧಾಂತದ ಅಧ್ಯಾಯ ಅಷ್ಟಕ್ಕಷ್ಟೇ ಇತ್ತು, ಆದರೂ ನಾನು ಓದಿದ ಪ್ರಾಜೆಕ್ಟುಗಳಲ್ಲಿ ಅದಕ್ಕಿಂತ ಒಳ್ಳೆಯದು ನೆನಪಿಗೆ ಬರುವುದಿಲ್ಲ.

ನೀವೂ ನಿಮ್ಮ ಶಾಲೆಯ ಕಪಾಟಿನಿಂದಲೇ ವಿಷಯ ಹುಡುಕಿ. ಹೊಸದಾಗಿ ಸೇರಿದ ಶಿಕ್ಷಕರು ಎಷ್ಟು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಯಾಕೆ? ಶುಲ್ಕದ ಬಾಕಿ ಯಾವ ತಿಂಗಳಲ್ಲಿ ಏರುತ್ತದೆ? ಏಳನೆಯದರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟನೆಯದಕ್ಕೆ ನಿಮ್ಮಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರುವ ಮಕ್ಕಳು ಮೊದಲ ಪರೀಕ್ಷೆಯಲ್ಲಿ ಎಲ್ಲಿ ಎಡವುತ್ತಾರೆ? ಇಂಥ ಒಂದಕ್ಕೆ ಉತ್ತರ ಹುಡುಕಿದರೆ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ನಿಮ್ಮ ಶಾಲೆಯ ಬಗ್ಗೆ ಆಡಳಿತ ಮಂಡಳಿಗಿಂತ ನಿಮಗೇ ಹೆಚ್ಚು ಗೊತ್ತಿರುತ್ತದೆ. ಪ್ರಸ್ತಾವನೆ ಮಂಜೂರಾದ ಮೇಲೆಯೇ ಮಾಹಿತಿ ಸಂಗ್ರಹ ಶುರು ಮಾಡಬೇಕು, ಆದ್ದರಿಂದ ಅದನ್ನು ಬೇಗ ಕಳಿಸಿ.

ಇನ್ನು ಕೋರ್ಸಿನಲ್ಲಿ ನಿಮಗೆ ಸಿಗದೇ ಇರುವುದನ್ನು ಹೇಳುತ್ತೇನೆ, ಅದೇ ನಿಜವಾದ ತೊಡಕು. ದೇಶಕ್ಕೆಲ್ಲ ಅನ್ವಯಿಸುವ ಪಠ್ಯದಲ್ಲಿ ಕರ್ನಾಟಕದ ಕಡತ, ಕಾನೂನು ಇರುವುದಿಲ್ಲ. ಮುಖ್ಯ ಶಿಕ್ಷಕಿಯ ತಲೆಯ ಮೇಲೆ ಬೀಳುವುದು ಅದೇ.

ಟಿ.ಸಿ. ವಿಷಯವನ್ನೇ ತೆಗೆದುಕೊಳ್ಳಿ. ಶುಲ್ಕ ಬಾಕಿ ಇರುವ ಎಂಟನೇ ತರಗತಿಯ ಮಗುವಿನ ತಂದೆ, ಸರ್ಕಾರಿ ಶಾಲೆಗೆ ಸೇರಿಸುತ್ತೇನೆ, ಟಿ.ಸಿ. ಕೊಡಿ ಎಂದು ಬಂದರು ಎನ್ನಿ. ಬಾಕಿ ಕಟ್ಟುವವರೆಗೆ ಕೊಡಬೇಡಿ ಎಂದು ಕಾರ್ಯದರ್ಶಿ ಫೋನಿನಲ್ಲಿ ಹೇಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 5ನೇ ಸೆಕ್ಷನ್ ಏನು ಹೇಳುತ್ತದೆ ನೋಡಿ: ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವಾಗ ಟಿ.ಸಿ.ಯನ್ನು ತಕ್ಷಣ ಕೊಡಬೇಕು, ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ಜರುಗಿಸಬಹುದು. ಕಾನೂನು ಹೆಸರಿಸುವುದು ಮುಖ್ಯ ಶಿಕ್ಷಕರನ್ನು, ಕಾರ್ಯದರ್ಶಿಯನ್ನಲ್ಲ. ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿ ಇಲ್ಲ, ಟಿ.ಸಿ. ಪುಸ್ತಕದಲ್ಲಿ ಸಹಿ ನಿಮ್ಮದು.

ಪೋಕ್ಸೊ ಕಾಯ್ದೆ, 2012 ಇನ್ನೂ ಬಿಗಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ, ಶಾಲೆಯ ಮರ್ಯಾದೆ ಪ್ರಶ್ನೆ, ಒಳಗೇ ಮಾತಾಡಿಕೊಳ್ಳೋಣ ಎನ್ನುವಂತಿಲ್ಲ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಸಹ ಶಿಕ್ಷಕಿಯಾಗಿದ್ದಾಗಲೂ ತಿಳಿಸುವ ಹೊಣೆ ನಿಮ್ಮ ಮೇಲಿದೆ, ಕುರ್ಚಿಗೆ ಬಂದ ಮೇಲೆ ಶಿಕ್ಷೆಯೂ ಹೆಚ್ಚು.

ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು, ಜಾರಿಗೆ ಬಂದದ್ದು 1995ರಲ್ಲಿ. ಅದರ 92ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಯ ನೌಕರರನ್ನೂ ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ, ಮಾಡಿದರೆ ಅವರು ಶಿಕ್ಷಣ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ನಾಳೆಯಿಂದ ಬರಬೇಡ ಎಂದು ಯಾವುದೋ ಶಿಕ್ಷಕರಿಗೆ ಹೇಳುವ ಕೆಲಸವನ್ನು ಆಡಳಿತ ಮಂಡಳಿ ನಿಮ್ಮ ಮೂಲಕ ಮಾಡಿಸಲು ನೋಡಿದಾಗ ಇದು ನೆನಪಿರಲಿ. ಹಾಗೆಯೇ ದಾಖಲಾತಿ ವಹಿಯಲ್ಲಿ ಮಗುವಿನ ಹುಟ್ಟಿದ ದಿನಾಂಕ ತಪ್ಪಾಗಿದೆ, ಸ್ವಲ್ಪ ತಿದ್ದಿಕೊಡಿ ಮೇಡಂ ಎಂದು ಪರಿಚಯದವರೇ ಬರುತ್ತಾರೆ. ವೈಟ್‌ನರ್ ಮುಟ್ಟಬೇಡಿ. ಮೇಲಧಿಕಾರಿಯ ಆದೇಶ ಅಥವಾ ನ್ಯಾಯಾಲಯದ ಡಿಕ್ರಿ ಇಲ್ಲದೆ ಆ ಕಾಲಂ ತಿದ್ದುವ ಅಧಿಕಾರ ನಿಮಗಿಲ್ಲ.

ಇದನ್ನೆಲ್ಲ ಕಲಿಯಲು ಸದ್ಯಕ್ಕೆ ಇರುವ ಅತ್ಯುತ್ತಮ ವಿಶ್ವವಿದ್ಯಾಲಯ ನಿಮ್ಮ ಈಗಿನ ಹೆಡ್‌ಮಾಸ್ಟರ್ ಮತ್ತು ನಿಮ್ಮ ಶಾಲೆಯ ಕ್ಲರ್ಕ್. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಅವರ ಜೊತೆ ಕೂತು ನಗದು ಪುಸ್ತಕದ ಬಾಕಿಯನ್ನು ಬ್ಯಾಂಕ್ ಪಾಸ್‌ಬುಕ್ಕಿಗೆ ಹೊಂದಿಸುವುದು ಹೇಗೆ ಎಂದು ನೋಡಿ. ಎರಡೂ ತಾಳೆಯಾಗದಿದ್ದರೆ ಯಾವ ಚೆಕ್ ಇನ್ನೂ ನಗದಾಗಿಲ್ಲ ಎಂದು ಹುಡುಕುವುದನ್ನು ಕಲಿಯಿರಿ. ಯುಡೈಸ್ (ದೇಶದ ಶಾಲೆಗಳ ಅಂಕಿಅಂಶದ ವ್ಯವಸ್ಥೆ) ಮಾಹಿತಿ ತುಂಬುವಾಗ, ಎಸ್‌ಎಟಿಎಸ್‌ನಲ್ಲಿ (ರಾಜ್ಯದ ವಿದ್ಯಾರ್ಥಿ ದಾಖಲೆಯ ತಂತ್ರಾಂಶ) ಮಕ್ಕಳ ವಿವರ ತಿದ್ದುವಾಗ, ಮಾನ್ಯತೆ ನವೀಕರಣದ ಕಡತ ಕಟ್ಟುವಾಗ ಪಕ್ಕದಲ್ಲಿರಿ. ಅಗ್ನಿ ಸುರಕ್ಷತೆ, ಕಟ್ಟಡ ಸುರಕ್ಷತೆಯ ಪ್ರಮಾಣಪತ್ರಗಳು ಯಾವಾಗ ಮುಗಿಯುತ್ತವೆ ಎಂದು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಕಾರು ಓಡಿಸಲು ಪುಸ್ತಕ ಓದಿದವರೂ ಸ್ಟೇರಿಂಗ್ ಹಿಡಿಯಲೇಬೇಕಲ್ಲ.

ಆರು ತಿಂಗಳ ಸೆಂಟರ್ ಕಡೆಗೆ ಬರೋಣ. ದೂರ ಸರಿಯಿರಿ. ಒಂದು ರಾಜ್ಯದ ಮುಕ್ತ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಇಲ್ಲಿ ಸ್ಟಡಿ ಸೆಂಟರ್ ನಡೆಸಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಬಿಡುವುದಿಲ್ಲ. ಅಡ್ಮಿಷನ್, ಪರೀಕ್ಷೆ, ಪಾಸು ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಮಧ್ಯವರ್ತಿಗೆ ಯಾವ ಮಾನ್ಯತೆಯೂ ಇರುವುದಿಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ತಾಣದಲ್ಲಿ ಆಯಾ ವರ್ಷಕ್ಕೆ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಒಪ್ಪಿಗೆ ಇದೆ ಎಂಬ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯದ ಹೆಸರಷ್ಟೇ ನೋಡಿ ಸುಮ್ಮನಾಗಬೇಡಿ, ಕೋರ್ಸಿನ ಹೆಸರು ಮತ್ತು ವರ್ಷವನ್ನೂ ನೋಡಿ. 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಆ ತಾಣದಲ್ಲೇ ಡಿಇಬಿ ಐಡಿ ಮಾಡಿಕೊಳ್ಳಬೇಕು. ಐಡಿ ಕೇಳದೆ ನಿಮ್ಮನ್ನು ಸೇರಿಸಿಕೊಳ್ಳಲು ಯಾರಾದರೂ ತಯಾರಿದ್ದರೆ ಅಷ್ಟಕ್ಕೇ ಎದ್ದು ಬನ್ನಿ. ಮಾನ್ಯತೆ ಎಂಬುದು ಸಣ್ಣ ವಿಷಯವಲ್ಲ. 1996ರಲ್ಲಿ ಶುರುವಾದ ನಮ್ಮದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಯುಜಿಸಿ ಮಾನ್ಯತೆ ಇಲ್ಲದಾಗಿ, 2018ರಲ್ಲಿ ಮತ್ತೆ ಸಿಗುವವರೆಗೆ ಎಷ್ಟು ವಿದ್ಯಾರ್ಥಿಗಳು ಕೈಯಲ್ಲಿ ಅಂಕಪಟ್ಟಿ ಹಿಡಿದು ಅಲೆದರು ಎಂಬುದು ನಿಮ್ಮ ಸಹೋದ್ಯೋಗಿಗಳಲ್ಲೇ ಕೆಲವರಿಗೆ ಗೊತ್ತಿರುತ್ತದೆ. ಈಗ ಅಲ್ಲಿ ಆ ತೊಂದರೆ ಇಲ್ಲ.

ಇಂಗ್ಲಿಷ್ ಬಗ್ಗೆ ಇಷ್ಟು ಹೆದರುವ ಅಗತ್ಯವಿಲ್ಲ. ಇಲ್ಲಿ ಸಾಹಿತ್ಯ ಬರೆಯಬೇಕಿಲ್ಲ. ಸುಮಾರು 600 ಪದದ ಕೆಲವು ದೀರ್ಘ ಉತ್ತರ, 150 ಪದದ ಕೆಲವು ಟಿಪ್ಪಣಿ, ಪ್ರಶ್ನೆಗಳ ಧಾಟಿ ಇಷ್ಟೇ. ಸರಳ ವಾಕ್ಯದಲ್ಲಿ ವಿಷಯ ಹೇಳಿ, ಪ್ರತಿ ಉತ್ತರಕ್ಕೂ ನಿಮ್ಮ ಶಾಲೆಯಿಂದ ಒಂದು ಉದಾಹರಣೆ ಕೊಡಿ. ಮೌಲ್ಯಮಾಪಕರು ಒಂದೇ ಬಗೆಯ ಗೈಡ್ ಉತ್ತರ ಓದಿ ಬೇಸತ್ತಿರುತ್ತಾರೆ. ‘ನಮ್ಮ ಶಾಲೆಯಲ್ಲಿ ವೇಳಾಪಟ್ಟಿ ಮಾಡುವಾಗ ಗಣಿತದ ಶಿಕ್ಷಕರು ಒಬ್ಬರೇ ಇರುವುದರಿಂದ ಹೀಗೆ ಮಾಡಿದೆವು’ ಎಂಬ ಒಂದು ಸಾಲು ಕಂಡರೆ ಪೆನ್ನು ಧಾರಾಳವಾಗುತ್ತದೆ. ಇದಕ್ಕೆ ಅಭ್ಯಾಸವೆಂದರೆ ಅಸೈನ್‌ಮೆಂಟ್ ಸ್ವಂತ ಬರೆಯುವುದು. ಬಿಡಿಸಿಟ್ಟ ಅಸೈನ್‌ಮೆಂಟ್ ಇನ್ನೂರು ಮುನ್ನೂರು ರೂಪಾಯಿಗೆ ವಾಟ್ಸ್ಆ್ಯಪ್‌ನಲ್ಲೇ ಸಿಗುತ್ತದೆ. ತೆಗೆದುಕೊಂಡರೆ ಅಸೈನ್‌ಮೆಂಟಿನ ಅಂಕ ಬಂದೀತು, ಪರೀಕ್ಷೆಯ ಹಾಲ್‌ನಲ್ಲಿ ಮೂರು ಗಂಟೆ ಇಂಗ್ಲಿಷ್ ಬರೆಯುವ ಕೈ ಬರುವುದಿಲ್ಲ. ಮೊದಲು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡು ಆಮೇಲೆ ಇಂಗ್ಲಿಷ್‌ಗೆ ತರುವುದು ಎರಡು ಪಟ್ಟು ಕೆಲಸ. ಓದಿದ ಪುಟದ ಅಂಚಿನಲ್ಲೇ ಇಂಗ್ಲಿಷ್‌ನಲ್ಲಿ ಎರಡು ಸಾಲು ಬರೆಯುತ್ತ ಹೋಗಿ.

ಇಷ್ಟಾದರೂ ಈ ವರ್ಷ ದುಡ್ಡು ಕಟ್ಟಲು ಮನಸ್ಸಿಲ್ಲದಿದ್ದರೆ ಉಚಿತವಾದ ಒಂದು ದಾರಿ ಇದೆ. ದೆಹಲಿಯಲ್ಲಿ ಶೈಕ್ಷಣಿಕ ಯೋಜನೆ, ಆಡಳಿತಕ್ಕೆಂದೇ ನೀಪಾ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಯುನೆಸ್ಕೊ ನೆರವಿನಿಂದ 1962ರಲ್ಲಿ ಏಷ್ಯಾ ಮಟ್ಟದ ಕೇಂದ್ರವಾಗಿ ಹುಟ್ಟಿದ್ದು, ಈಗ ಪರಿಗಣಿತ ವಿಶ್ವವಿದ್ಯಾಲಯ. ಅದರ ಶೈಕ್ಷಣಿಕ ಯೋಜನೆ ಮತ್ತು ಆಡಳಿತದ ಡಿಪ್ಲೊಮಾ ಹೆಚ್ಚಾಗಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಬೋಧಕರು, ಜಿಲ್ಲಾ ಅಧಿಕಾರಿಗಳಂಥ ಸೇವೆಯಲ್ಲಿರುವವರಿಗೆ ಮಾಡಿದ್ದು, ನಿಮಗೆ ಹೊಂದುವುದಿಲ್ಲ. ಆದರೆ ಅದರೊಳಗೆ 2012ರಲ್ಲಿ ಶುರುವಾದ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಶಾಲಾ ಮುಖ್ಯಸ್ಥರಿಗಾಗಿ ಆನ್‌ಲೈನ್ ಕೋರ್ಸ್ ನಡೆಸುತ್ತದೆ. ಇಗ್ನೋ ಪಠ್ಯದಷ್ಟು ಆಳವಿಲ್ಲ, ಶಾಲೆಯ ಮಾತು ಮಾತ್ರ ಹೆಚ್ಚು ಇದೆ. ಅದನ್ನು ಮುಗಿಸಿಕೊಂಡು ಡಿಪ್ಲೊಮಾಕ್ಕೆ ಹೋದರೂ ಒಳ್ಳೆಯದೇ.

ಖಾಸಗಿ ಶಾಲೆಗಳ ಮಾರುಕಟ್ಟೆಯಲ್ಲಿ ಡಿಪ್ಲೊಮಾಕ್ಕೆ ಸ್ವಲ್ಪ ಬೆಲೆ ಇದೆ ಎಂಬುದೂ ನಿಜ. ನಾಳೆ ದಾವಣಗೆರೆ ಅಥವಾ ಶಿವಮೊಗ್ಗದ ದೊಡ್ಡ ಶಾಲೆಗೆ ಪ್ರಿನ್ಸಿಪಾಲ್ ಹುದ್ದೆಗೆ ಅರ್ಜಿ ಹಾಕಿದರೆ ಸಂದರ್ಶನದಲ್ಲಿ ಅದು ಒಂದು ಮಾತಿಗೆ ದಾರಿಯಾಗುತ್ತದೆ. ಆ ಮಾತು ಪ್ರಾಜೆಕ್ಟ್ ಬಗ್ಗೆ ಆಗುವಂತೆ ನೋಡಿಕೊಳ್ಳಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ‘ನೀವೇ ನೋಡಿಕೊಳ್ಳಬೇಕಾಗುತ್ತದೆ’ ಎಂಬ ಮಾತು ನೇಮಕಾತಿಯಲ್ಲ. ಎಷ್ಟೋ ಶಾಲೆಗಳಲ್ಲಿ ಹಿರಿಯ ಶಿಕ್ಷಕಿಯೊಬ್ಬರು ವರ್ಷಗಟ್ಟಲೆ ‘ಪ್ರಭಾರಿ’ಯಾಗಿಯೇ ಇರುತ್ತಾರೆ. ಸಹಿ ಎಲ್ಲ ಅವರದು, ಸಂಬಳ ಸಹ ಶಿಕ್ಷಕಿಯದು. ಇಗ್ನೋಗೆ ಸೇರುವ ಮೊದಲೇ ಕಾರ್ಯದರ್ಶಿಯವರ ಜೊತೆ ಕೂತು ಮಾತಾಡಿ. ಲಿಖಿತ ಆದೇಶ ಯಾವಾಗ, ವೇತನ ಎಷ್ಟು, ವಾರಕ್ಕೆ ನಿಮ್ಮ ಪಾಠದ ಪೀರಿಯಡ್ ಎಷ್ಟಕ್ಕೆ ಇಳಿಯುತ್ತದೆ, ಶಿಕ್ಷಕರ ನೇಮಕದಲ್ಲಿ ನಿಮ್ಮ ಮಾತು ನಡೆಯುತ್ತದೆಯೇ, ಚೆಕ್ಕಿಗೆ ಸಹಿ ಯಾರದು, ಎಲ್ಲವನ್ನೂ ಕೇಳಿ. ಡಿಪ್ಲೊಮಾದ ಶುಲ್ಕವನ್ನು ಸಂಸ್ಥೆಯೇ ಭರಿಸುತ್ತದೆಯೇ ಎಂದೂ ಕೇಳಿ, ಕೇಳಿದರೆ ತಪ್ಪೇನಿಲ್ಲ. ಅಧಿಕಾರ ವಹಿಸಿಕೊಳ್ಳುವ ದಿನ ಪ್ರಭಾರ ಪಟ್ಟಿ ಇಲ್ಲದೆ ಬೀಗದ ಕೈ ತೆಗೆದುಕೊಳ್ಳಬೇಡಿ. ನಗದು, ಬ್ಯಾಂಕ್ ಬಾಕಿ, ದಾಖಲಾತಿ ವಹಿಗಳ ಸಂಖ್ಯೆ, ಶಾಲೆಯಲ್ಲೇ ಉಳಿದಿರುವ ಮಕ್ಕಳ ಮೂಲ ಅಂಕಪಟ್ಟಿಗಳು, ಬರೆಯದೆ ಉಳಿದ ಟಿ.ಸಿ. ಹಾಳೆಗಳ ಕ್ರಮಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ, ಇಷ್ಟನ್ನೂ ಎಣಿಸಿ, ಹೋಗುವವರು ಮತ್ತು ಬರುವವರು ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.